ಎಲ್ಲರೂ ಇರುವ ಫೋಟೋ

ಸಮರ್ಥ ಕಣ್ಣು ಮುಚ್ಚಿದ್ದೇ ತಡ, ಶುಭಾ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹೋಟೆಲ್ ರೂಮಿನ ಬಾಗಿಲ ಬಳಿ ಬಂದಳು. ಎಂಟು ತಿಂಗಳ ಮಗು. ಬಸವೇಶ್ವರನಗರದಿಂದ ಏರ್ಕಾಡಿನ ಬೆಟ್ಟದವರೆಗೆ ಕಾರಿನಲ್ಲಿ ಅತ್ತು ಅತ್ತು ಎಲ್ಲರ ಪ್ರಾಣ ಹಿಂಡಿತ್ತು. ಈಗ ಅಜ್ಜಿಯ ತೊಡೆಯ ಮೇಲೆ ತನಗೇನೂ ಗೊತ್ತಿಲ್ಲವೆಂಬಂತೆ ಮಲಗಿತ್ತು.

"ಅಮ್ಮಾ, ನೀನು ಇವನ ಹತ್ರ ಇರು. ನಿಂಗೆ ಮಂಡಿ ನೋವು ಬೇರೆ. ನಾವು ಕೆರೇಲಿ ಒಂದು ರೌಂಡ್ ಹೋಗಿ ಬಂದ್ಬಿಡ್ತೀವಿ," ಎಂದು ಪಿಸುಗುಟ್ಟಿದಳು.

"ಹೂಂ, ಹೋಗ್ಬನ್ನಿ," ಎಂದರು ವತ್ಸಲಾ. ಅವರು ಆಗಲೇ ಒಳ್ಳೆಯ ಸೀರೆ ಉಟ್ಟು, ಸ್ವೆಟರಿನ ಗುಂಡಿಗಳನ್ನೆಲ್ಲ ಹಾಕಿಕೊಂಡು ಕೂತಿದ್ದರು.

ಮಂಡಿ ನೋವಿನ ಮಾತನ್ನು ಅವರೇನೂ ಎತ್ತಿರಲಿಲ್ಲ. ದಿನಾ ಮಾರೇನಹಳ್ಳಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಮಗಳು ಬ್ಯಾಂಕಿನಿಂದ ಮರಳುವವರೆಗೆ ಮೊಮ್ಮಗನನ್ನು ಸೊಂಟದ ಮೇಲೆ ಹೊತ್ತು ತಿರುಗುವಾಗ ಆ ಮಂಡಿಗಳ ಸುದ್ದಿ ಯಾರಿಗೂ ನೆನಪಾಗುತ್ತಿರಲಿಲ್ಲ.

ಮೆಟ್ಟಿಲಿಳಿಯುವಾಗ ಗಂಡ ಮಧ್ವೇಶ್ ತಡೆದ. "ಅತ್ತೇನೂ ಕರ್ಕೊಂಡು ಹೋಗೋಣ ಕಣೇ. ಪಾಪ, ದಾರಿಯುದ್ದಕ್ಕೂ ಬೋಟು ಬೋಟು ಅಂತಿದ್ರು."

"ಮಗು ಎದ್ರೆ ಯಾರು ನೋಡ್ಕೊಳೋದು? ಅಮ್ಮ ಏನೂ ಅಂದ್ಕೊಳಲ್ಲ, ಬನ್ನಿ."

ಗಂಡನ ತಾಯಿಯಾಗಿದ್ದರೆ ಶುಭಾ ಹತ್ತು ಸಲ ಯೋಚಿಸುತ್ತಿದ್ದಳು; ಬೇಜಾರಾದೀತೆಂದು ಮೊದಲು ಅವರನ್ನೇ ಬೋಟಿನಲ್ಲಿ ಕೂರಿಸುತ್ತಿದ್ದಳು. ಹೆತ್ತ ತಾಯಿಯ ಮುಂದೆ ಅಂಥ ನಾಜೂಕು ಯಾಕೆ? ಸ್ವಂತದವರು ಅನ್ನುವ ಸಲಿಗೆಯಷ್ಟು ಅನುಕೂಲವಾದದ್ದು ಇನ್ನೊಂದಿಲ್ಲ.

ಕೆರೆಯ ಮೇಲೆ ಮಂಜು ಆಗಷ್ಟೇ ಸರಿದಿತ್ತು. ಆರು ವರ್ಷದ ಮಗಳು ಅಪೂರ್ವ ದೊಗಳೆ ಲೈಫ್ ಜಾಕೆಟ್ಟಿನೊಳಗೆ ಮುಳುಗಿಹೋಗಿ, ಪೆಡಲು ಕಾಲಿಗೆ ಎಟುಕದಿದ್ದರೂ ತುಳಿದೇ ತುಳಿದಳು. ದಡದಲ್ಲಿದ್ದ ಯಾರೋ ಪುಣ್ಯಾತ್ಮರು ಮೂವರೂ ಬರುವಂತೆ ಫೋಟೋ ತೆಗೆದುಕೊಟ್ಟರು. ಶುಭಾ ಅದನ್ನು ಅಲ್ಲಿಂದಲೇ ಮನೆಯವರ ವಾಟ್ಸ್ಆಪ್ ಗುಂಪಿಗೆ ಹಾಕಿದಳು. ಒಂದು ರೌಂಡು ಎರಡಾಯಿತು. ಆಮೇಲೆ ಬಜ್ಜಿ, ಜೋಳ, ಅಪೂರ್ವಳಿಗೆ ಬಲೂನು. ಅಮ್ಮನಿಗೂ ನಾಲ್ಕು ಬಜ್ಜಿ ಕಟ್ಟಿಸಿಕೊಂಡಾಗ ಶುಭಾಳಿಗೆ ತಾನು ಒಳ್ಳೆಯ ಮಗಳೇ ಅನ್ನಿಸಿತು.

ಮಧ್ವೇಶ್ ಕಾರು ನಿಲ್ಲಿಸಲು ಹೋದ. ಶುಭಾ ಅಪೂರ್ವಳ ಕೈ ಹಿಡಿದು ಮೇಲೆ ಬಂದಳು. ರೂಮಿನ ಬಾಗಿಲು ಅರ್ಧ ತೆರೆದಿತ್ತು. ಸಮರ್ಥ ಎದ್ದು ಹಾಸಿಗೆಯ ಮೇಲೆ ಕೈಕಾಲು ಆಡಿಸುತ್ತಿದ್ದ. ವತ್ಸಲಾ ಬಾಗಿಲಿಗೆ ಬೆನ್ನು ಮಾಡಿ ಅವನ ಬಟ್ಟೆ ಮಡಚುತ್ತಿದ್ದರು. ಪಕ್ಕದಲ್ಲಿಟ್ಟ ಮೊಬೈಲಿನ ಸ್ಪೀಕರಿನಲ್ಲಿ ರಾಜಾಜಿನಗರದ ದೊಡ್ಡಮ್ಮನ ದನಿ ಕೇಳಿಸಿತು.

"ಫೋಟೋ ನೋಡ್ದೆ ಕಣೇ ವತ್ಸಲಾ. ಎಲ್ಲರೂ ಇದಾರೆ, ನೀನೇ ಇಲ್ವಲ್ಲ?"

"ನಾನೇ ಅಲ್ವಾ ಅಕ್ಕ, ಅದನ್ನ ತೆಗೆದಿದ್ದು!" ಎಂದು ವತ್ಸಲಾ ನಕ್ಕರು.

ಶುಭಾ ಹೊಸ್ತಿಲಲ್ಲೇ ನಿಂತಳು.

"ಹಾಗಾದ್ರೆ ನೀನು ಬೋಟ್ ಹತ್ಲಿಲ್ವಾ?"

"ಅಳಿಯಂದ್ರು ಬಿಡ್ಬೇಕಲ್ಲ! ಎರಡನೇ ರೌಂಡಿಗೆ ನನ್ನನ್ನೇ ಮುಂದೆ ಕೂರಿಸಿದ್ರು."

"ಮಗು?"

"ಮಗೂನ ಶುಭಾ ಎತ್ಕೊಂಡು ದಡದಲ್ಲಿ ನಿಂತಿದ್ಲು. ಅಲ್ಲಿಂದಾನೇ ಟಾಟಾ ಮಾಡಿಸ್ತಿದ್ಲು."

ಅಷ್ಟೇ ಆಗಿತ್ತು ಮಾಡಬೇಕಾಗಿದ್ದದ್ದು. ಮಗುವನ್ನು ಎತ್ತಿಕೊಂಡು ದಡದಲ್ಲಿ ಒಂದಿಷ್ಟು ಹೊತ್ತು ನಿಲ್ಲುವುದು. ಶುಭಾಳಿಗೆ ಅದು ಹೊಳೆದೇ ಇರಲಿಲ್ಲ.

"ಅಮ್ಮಾ, ಅಜ್ಜಿ ಬಂದೇ ಇರ್ಲಿ—" ಎಂದು ಅಪೂರ್ವ ಶುರು ಮಾಡಿದಳು. ಶುಭಾ ಥಟ್ಟನೆ ಅವಳ ಬಾಯಿ ಮುಚ್ಚಿದಳು.

ಸದ್ದಿಗೆ ವತ್ಸಲಾ ತಿರುಗಿದರು. ಮಗಳನ್ನು ನೋಡಿ ಅವರ ಮುಖ ಕೆಂಪಾಯಿತು. ಕದ್ದು ಸಿಕ್ಕಿಬಿದ್ದದ್ದು ತಾವೇ ಅನ್ನುವ ಹಾಗೆ.

"ಅಲ್ಲಿ ಶುಭಾ ಇದಾಳೇನೇ? ಕೊಡು ಅವಳಿಗೆ," ಎಂದರು ದೊಡ್ಡಮ್ಮ.

ವತ್ಸಲಾ ಕಣ್ಣು ತಪ್ಪಿಸಿ ಮೊಬೈಲನ್ನು ಮಗಳ ಕೈಗಿತ್ತರು.

"ಒಳ್ಳೇ ಕೆಲಸ ಮಾಡ್ದೆ ಮಗಳೇ. ನಿಮ್ಮಪ್ಪ ಹೋದ್ಮೇಲೆ ಅವಳು ಎಲ್ಲಿಗೂ ಹೋಗಿರ್ಲಿಲ್ಲ. ಬೋಟ್ ಹತ್ತುವಾಗ ಅಲ್ಲಾಡುತ್ತಲ್ಲ, ಕೈ ಹಿಡ್ಕೊಂಡಿದ್ದೆ ತಾನೆ?"

ಶುಭಾ ಅಮ್ಮನ ಕಡೆ ನೋಡಿದಳು. ಅಮ್ಮ ಮಡಚಿದ್ದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದರು.

"ಹೂಂ ದೊಡ್ಡಮ್ಮ. ಹಿಡ್ಕೊಂಡಿದ್ದೆ."

ಹಾಸಿಗೆಯ ಮೇಲೆ ಸಮರ್ಥ ರಾಗ ತೆಗೆದ. ಶುಭಾ ಮೊಬೈಲು ಹಿಡಿದು ನಿಂತೇ ಇದ್ದಳು. ಅವಳು ಒಂದು ಹೆಜ್ಜೆ ಇಡುವಷ್ಟರಲ್ಲಿ ಅಮ್ಮ ಅವನನ್ನು ಎತ್ತಿಕೊಂಡು, ಬೆನ್ನು ತಟ್ಟುತ್ತಾ, ಕಿಟಕಿಯ ಕಡೆಗೆ ನಡೆದಿದ್ದರು.