ಹರಿದ ಮೂಲೆಯ ಚೌಕ

ತೆರೆಯ ಮೇಲೆ ಒಂದು ಖಾಲಿ ಚೌಕ, ಮೂಲೆಯಲ್ಲಿ ಹರಿದ ಕಾಗದದಂಥ ಗುರುತು, ಪಕ್ಕದಲ್ಲಿ ಚಿತ್ರ ಬಾರದಿದ್ದರೆ ಕಾಣಲೆಂದು ಅವನೇ ಎಂದೋ ಬರೆದಿಟ್ಟ ಎರಡು ಪದ, ಪುಟ್ಟಿ ನಗುತ್ತಿದ್ದಾಳೆ — ಎಲ್ಲಿ ನಗುತ್ತಿದ್ದಾಳೆ, ಒಂದು ನಿಮಿಷದ ಹಿಂದೆ ಇದೇ ಜಾಗದಲ್ಲಿ ಮುಂದಿನೆರಡು ಹಲ್ಲು ಬಿದ್ದ ಬಾಯಿ ಅಗಲಿಸಿಕೊಂಡು ಇದ್ದಳಲ್ಲ, ಫೋನು ಕಿವಿಗೆ ಅಂಟಿಕೊಂಡೇ ಇದೆ, ಆ ತುದಿಯಲ್ಲಿ ಅಕ್ಕನ ಉಸಿರು, ಮೂರು ತಿಂಗಳಿಂದ ಅವಳದೊಂದೇ ರಾಗ, ಪುಟ್ಟಿಯ ಪುಟ ತೆಗೆದರೆ ಬರೀ ಡಬ್ಬಿ ಕಣೋ, ಮಗು ಕಾಣ್ತಿಲ್ಲ, ಇವನದೂ ಒಂದೇ ತಾಳ, ನನ್ನ ಕಂಪ್ಯೂಟರಲ್ಲಿ ಲಕ್ಷಣವಾಗಿ ಕೂತಿದ್ದಾಳಲ್ಲೇ ಅಕ್ಕಾ, ನಿನ್ನ ಫೋನಿಗೇ ಪೊರೆ ಬಂದಿರಬೇಕು — ಮಗಳನ್ನು ಕಳೆದುಕೊಂಡವಳಿಗೆ ಆಡುವ ಮಾತೇ ಅದು, ವೆಬ್ ಪುಟ ಕಟ್ಟುವುದೇ ಅವನ ಕಸುಬು, ಹೊಸದಾಗಿ ಸೇರಿದವರಿಗೆ ಅವನೇ ಪಾಠ ಹೇಳುತ್ತಾನೆ, ಪುಟದೊಳಗೆ ಚಿತ್ರ ಇರಲ್ಲ ಕಣ್ರಪ್ಪಾ, ಚಿತ್ರದ ವಿಳಾಸ ಇರುತ್ತೆ, ನೋಡೋರ ಬ್ರೌಸರು ಆ ವಿಳಾಸಕ್ಕೆ ಓಡಿ ಕೇಳಿ ತರುತ್ತೆ, ವಿಳಾಸ ಪರರ ಮನೇದಾದ್ರೆ ಅವರು ಬಾಗಿಲು ಹಾಕಿದ ದಿನ ನಿಮ್ಮ ಗೋಡೆ ಬೋಳು — ಹೀಗೆ ಹೇಳುವವನು ಪುಟ್ಟಿಯ ನೆನಪಿನ ಪುಟ ಕಟ್ಟುವಾಗ, ಕಣ್ಣು ಒರೆಸಿಕೊಳ್ಳುತ್ತ, ಆ ಫೋಟೋ ತೆಗೆದ ಸ್ಟುಡಿಯೋ ಮುದುಕನ ಜಾಲತಾಣದ ವಿಳಾಸವನ್ನೇ ಅಂಟಿಸಿ ಎದ್ದಿದ್ದ, ಆಮೇಲೆ ಚಿತ್ರವನ್ನು ತನ್ನಲ್ಲಿಗೆ ಇಳಿಸಿಕೊಂಡರಾಯಿತು ಅಂತ, ಆಮೇಲೆ ಎಂಬುದಕ್ಕೆ ಕಾಲಿಲ್ಲ, ಅದು ಬರುವುದೇ ಇಲ್ಲ — ಬೇರೆ ಫೋಟೋಗಳಿಲ್ಲವೇ, ರಾಶಿ ಇವೆ, ಒಂದರಲ್ಲೂ ಹೀಗೆ ನಕ್ಕಿಲ್ಲ, ಹಲ್ಲು ಬಿದ್ದ ಮೇಲಂತೂ ನಾಚಿ ತುಟಿ ಹೊಲಿದುಕೊಂಡಿದ್ದವಳು, ಅವತ್ತು ಸ್ಟುಡಿಯೋದಲ್ಲಿ ಮಾತ್ರ, ಅವನು ಮುದುಕನ ಬೆನ್ನ ಹಿಂದೆ ನಿಂತು, ಮೂಗು ಹಿಡಿದು, ಮುದುಕನದೇ ಗೊಣಗು ದನಿಯಲ್ಲಿ, ಗಲ್ಲ ಎತ್ತಮ್ಮಾ ಮಾರಾಣೀ ಅಂದದ್ದೇ ತಡ, ಬಾಯಿ ತೆರೆದೇ ಹೋಯಿತು, ಅಚ್ಚು ಹಾಕಿಸುವ ಮೊದಲೇ ಜ್ವರ ಬಂತು, ಒಂದೇ ವಾರ — ಮುದುಕ ಆಮೇಲೆ ಫೋನೂ ಮಾಡಿದ್ದ, ಅಂಗ್ಡಿ ಮುಚ್ತಿದೀನಿ ಸ್ವಾಮೀ, ಮಗೂನ ನಿಮ್ಮನೆಗೆ ಕರ್ಕೊಂಡ್ಹೋಗಿ, ಫೋನಿಟ್ಟವನೇ ಆಫೀಸಿನ ನಡುವೆ ನಿಂತು ಅದನ್ನೂ ಅದೇ ಮೂಗಿನಲ್ಲಿ ಆಡಿ ತೋರಿಸಿದ, ಎಲ್ಲರೂ ಬಿದ್ದು ಬಿದ್ದು ನಕ್ಕರು, ಆ ನಗುವಿನಲ್ಲಿ ಫೋಟೋ ಇಳಿಸಿಕೊಳ್ಳುವ ಕೆಲಸ ತೇಲಿಹೋಯಿತು — ಇವತ್ತು ಅಕ್ಕ ಮತ್ತೆ ಅದೇ ರಾಗ ತೆಗೆದಾಗ ರೇಗಿತು, ಇಗೋ, ಬ್ರೌಸರು ಕೂಡಿಟ್ಟ ಹಳೇದನ್ನೆಲ್ಲ ಅಳಿಸಿ ಹೊಸದಾಗಿ ತರಿಸ್ತೀನಿ, ಬಂದೇ ಬರ್ತಾಳೆ, ಆಗಲಾದ್ರೂ ನಿನ್ನ ಫೋನಿಂದೇ ತಪ್ಪು ಅಂತ ಒಪ್ಕೋ — ಒತ್ತಿದ, ಒತ್ತುವಾಗಲೇ ಅವಳ ದನಿ, ನಿನ್ನೆ ಸ್ಟುಡಿಯೋ ಹತ್ರ ಹೋಗಿದ್ದೆ ಕಣೋ, ಅಲ್ಲೀಗ ಚಪ್ಪಲಿ ಅಂಗಡಿ, ಮುದುಕ ಹೋಗ್ಬಿಟ್ನಂತೆ, ಕಂಪ್ಯೂಟರೆಲ್ಲ ಗುಜರಿಗೆ — ಅಂದರೆ ಮೂರು ತಿಂಗಳು ಅವನು ನೋಡಿದ್ದು ಅವನ ಯಂತ್ರವೇ ಎಂದೋ ತಂದು ಎತ್ತಿಟ್ಟುಕೊಂಡಿದ್ದ ಪ್ರತಿ, ಲೋಕದಲ್ಲಿ ಉಳಿದಿದ್ದ ಒಂದೇ ಒಂದು, ಈ ಬೆರಳು, ಈ ಒಂದು ಬೆರಳು — ಅಕ್ಕ ಕೇಳುತ್ತಿದ್ದಾಳೆ, ಮೆಲ್ಲಗೆ, ಈಗ ನಿಂಗೂ ಕಾಣ್ತಿಲ್ವೇನೋ, ಯಾರ ದನಿಯಲ್ಲಾದರೂ ಏನಾದರೂ ಹೇಳೋಣವೆಂದರೆ ಗಂಟಲಲ್ಲಿ ಯಾರೂ ಇಲ್ಲ, ಇನ್ನೊಮ್ಮೆ ತರಿಸಿ ನೋಡುತ್ತಾನೆ, ಚೌಕ, ಇನ್ನೊಮ್ಮೆ, ಚೌಕ, ಹರಿದ ಮೂಲೆ, ಪುಟ್ಟಿ ನಗುತ್ತಿದ್ದಾಳೆ, ಹರಿದ ಮೂಲೆ, ಪುಟ್ಟಿ ನಗುತ್ತಿದ್ದಾಳೆ