ಮೂವತ್ತನಾಲ್ಕನೇ ಆಕರ

ಆಕರಪಟ್ಟಿಯ ವಿಷಯದಲ್ಲಿ ನಾನು ಸ್ವಲ್ಪ ಜಂಬದವಳೇ. ಮೈಸೂರಿನ ಕಾಲೇಜೊಂದರಲ್ಲಿ ಒಂಬತ್ತು ವರ್ಷ ಗ್ರಂಥಪಾಲಕಿಯಾಗಿದ್ದೆ. ಯಜಮಾನರಿಗೆ ವಿಜಯವಾಡದ ಬ್ಯಾಂಕ್ ಶಾಖೆಗೆ ವರ್ಗವಾದ ಮೇಲೆ ಭವಾನಿಪುರಂನ ಮನೆಯಲ್ಲೇ ಕುಳಿತು, ಸಂಶೋಧಕರ ಲೇಖನಗಳ ಕೊನೆಗೆ ಬರುವ ಆಕರಪಟ್ಟಿಗಳನ್ನು ಪತ್ರಿಕೆಗಳು ಕೇಳುವ ಕ್ರಮಕ್ಕೆ ತಂದುಕೊಡುತ್ತೇನೆ. ಲೇಖಕ, ವರ್ಷ, ಶೀರ್ಷಿಕೆ, ಸಂಪುಟ, ಪುಟ. ಒಂದು ಚುಕ್ಕಿ ಜಾಗ ತಪ್ಪಿದರೂ ನನಗೆ ಊಟ ಸೇರುವುದಿಲ್ಲ.

ಆ ಗುರುವಾರ ಮಧ್ಯಾಹ್ನ ಒಂದೂವರೆಗೆ ವಿಶಾಖಪಟ್ಟಣದಿಂದ ಸಾಹಿತ್ಯಳ ಫೋನು ಬಂತು. ಅವಳು ನನ್ನ ಅಕ್ಕನ ಮಗಳು. ಅಕ್ಕ ತೆಲುಗರನ್ನು ಮದುವೆಯಾಗಿ ಅಲ್ಲೇ ನೆಲೆಸಿದವಳು, ಹಾಗಾಗಿ ಈ ಹುಡುಗಿಗೆ ನಾನು ಚಿಕ್ಕಮ್ಮನಲ್ಲ, ಪಿನ್ನಿ; ನನ್ನ ಯಜಮಾನರು ಚಿಕ್ಕಪ್ಪನಲ್ಲ, ಬಾಬಾಯಿ.

"ಪಿನ್ನಿ, ನನ್ನ ಪನಿ ಅಯಿಪೋಯಿಂದಿ, ನನ್ನ ಕತೆ ಮುಗೀತು! ರಿವ್ಯೂವರ್ ಗಾರು ಮೂವತ್ತನಾಲ್ಕನೇ ರೆಫರೆನ್ಸ್ ಎಲ್ಲೂ ಸಿಗಲ್ಲ ಅಂತಿದಾರೆ. ಇವತ್ತು ಐದರೊಳಗೆ ಅದರ ಕಾಪಿ ಅಪ್‌ಲೋಡ್ ಮಾಡದಿದ್ರೆ ಪೇಪರ್ ರಿಜೆಕ್ಟ್."

"ಯಾವಾಗ ಬಂತು ಆ ಪತ್ರ?"

"ಹದಿನೈದು ದಿನ ಆಯ್ತು. ನಾನೇ ಹುಡುಕ್ತಿದ್ದೆ. ಹೇಳಕ್ಕೆ ಭಯ ಆಯ್ತು."

ಭೀಮಿಲಿ ಕಡೆಯ ಕರಾವಳಿಯ ಬಾವಿಗಳಲ್ಲಿ ಉಪ್ಪು ಏರುವುದನ್ನು ಅವಳು ಐದು ವರ್ಷದಿಂದ ಅಳೆಯುತ್ತಿದ್ದಳು. ಉಪ್ಪು ಕಡುಬೇಸಿಗೆಯಲ್ಲಲ್ಲ, ಮೊದಲ ಮಳೆ ಬಿದ್ದ ಮೇಲೆ ಏರುತ್ತದೆ ಎಂಬುದು ಅವಳ ಶೋಧ. ಯಾರೂ ಸುಲಭಕ್ಕೆ ನಂಬುವ ಮಾತಲ್ಲ. ಬೇರೊಂದು ಕರಾವಳಿಯಲ್ಲಿ ಇನ್ನೊಬ್ಬರೂ ಅದನ್ನೇ ಕಂಡಿದ್ದರು ಎನ್ನುವುದಕ್ಕೆ ಅವಳಿಗಿದ್ದ ಸಾಕ್ಷಿ ಆ ಮೂವತ್ತನಾಲ್ಕನೇ ಆಕರ ಒಂದೇ. ತಿಂಗಳ ಕೊನೆಗೆ ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಗಡುವು. ಅಷ್ಟರೊಳಗೆ ಈ ಲೇಖನ ಒಪ್ಪಿಗೆಯಾಗದಿದ್ದರೆ ಐದು ವರ್ಷ ನೀರುಪಾಲು.

ಅವಳು ಕಳಿಸಿದ ಪಟ್ಟಿ ತೆರೆದು ಹುಡುಕಿದೆ. ಪತ್ರಿಕೆ ಸಿಕ್ಕಿತು, ಸಂಪುಟ ಸಿಕ್ಕಿತು, ಪುಟವೂ ಸಿಕ್ಕಿತು. ಲೇಖಕರು ಅರವಿಂದ, ಅದೂ ಸರಿ. ಆದರೆ ಆ ಪುಟದಲ್ಲಿದ್ದದ್ದು ಹೊಳೆಯ ಮರಳಿನ ಮೇಲಿನ ಲೇಖನ. ಬಾವಿಯೂ ಇಲ್ಲ, ಉಪ್ಪೂ ಇಲ್ಲ. ನನಗೆ ಸಿಟ್ಟು ನೆತ್ತಿಗೇರಿತು.

"ಕಂಪ್ಯೂಟರ್ ಹತ್ರ ಬರೆಸಿದ್ಯಾ? ಅದು ಇಲ್ಲದ ಲೇಖನ ಎಷ್ಟು ಬೇಕಾದ್ರೂ ಹುಟ್ಟಿಸಿಕೊಡುತ್ತೆ."

"ಇಲ್ಲ ಪಿನ್ನಿ, ಒಟ್ಟು, ನಿಮ್ಮಾಣೆ."

"ಹಾಗಾದ್ರೆ ನೋಡದೇ ನಕಲು ಮಾಡಿದೀಯ. ಕಣ್ಣಲ್ಲಿ ಕಾಣದ್ದನ್ನ ಪಟ್ಟಿಗೆ ಸೇರಿಸೋಳಿಗೆ ಡಾಕ್ಟರೇಟ್ ಬೇರೆ ಕೇಡು! ನಿಮ್ಮಮ್ಮ ಇದಕ್ಕಾ ನಿನ್ನ ಇಷ್ಟು ಓದಿಸಿದ್ದು?"

ಆ ಕಡೆ ಮೂಗೆಳೆದುಕೊಂಡದ್ದು ಕೇಳಿಸಿತು.

"ನರಸಿಂಹಮೂರ್ತಿ ಸರ್ ಸಮೀಕ್ಷೆಯಿಂದ ತಗೊಂಡೆ ಪಿನ್ನಿ. ಅದರ ಲಿಸ್ಟ್ ನಾನೇ ಮಾಡಿದ್ದು, ಒಂದು ಕಾಮಾನೂ ತಪ್ಪಿಲ್ಲ, ಕಣ್ಮುಚ್ಚಿಕೊಂಡು ತಗೋ ಅಂತ ನೀವೇ ಹೇಳಿದ್ರಿ."

ಹೌದು, ಹೇಳಿದ್ದೆ. ಕಳೆದ ಸಂಕ್ರಾಂತಿಗೆ ಅಕ್ಕನ ಮನೆಯಲ್ಲಿ, ನಾಲ್ಕು ಜನರ ಎದುರು, ಬೀಗುತ್ತಾ ಹೇಳಿದ್ದೆ. ಮುಖಕ್ಕೆ ಬಿಸಿ ನೀರು ಎರಚಿದಂತಾಯಿತು.

ನರಸಿಂಹಮೂರ್ತಿ ಸರ್ ನಮ್ಮ ಕಾಲೇಜಿನ ಭೂವಿಜ್ಞಾನದ ಪ್ರಾಧ್ಯಾಪಕರು. ಹಳೆಯ ಮದುವೆ ಕರೆಯೋಲೆಗಳನ್ನು ಒಂದೇ ಅಳತೆಗೆ ಕತ್ತರಿಸಿ, ಹಿಂಬದಿಯಲ್ಲಿ ಆಕರಗಳನ್ನು ಬರೆದಿಡುತ್ತಿದ್ದರು. ಹಳೆಯ ಕಾಲದವರ ಹಾಗೆ ಲೇಖನದ ಶೀರ್ಷಿಕೆಯನ್ನು ಎಷ್ಟೋ ಸಲ ಬರೆಯುತ್ತಲೇ ಇರಲಿಲ್ಲ. ಒಂದು ಚೀಟಿಯಲ್ಲಿ ಜಾಗ ಸಾಲದಿದ್ದರೆ ಮುಂದಿನದರಲ್ಲಿ ಮುಂದುವರಿಸುತ್ತಿದ್ದರು. ಅವರ ಸಮೀಕ್ಷಾ ಲೇಖನಕ್ಕಾಗಿ ಅಂಥ ಇನ್ನೂರು ಚೀಟಿಗಳನ್ನು ಪಟ್ಟಿ ಮಾಡಿದವಳು ನಾನು. ಅದು ಹನ್ನೆರಡು ವರ್ಷದ ಹಿಂದಿನ ಮಾತು.

ಎರಡೂ ಮುಕ್ಕಾಲಿಗೆ ಅವರಿಗೆ ಫೋನ್ ಮಾಡಿದೆ. ಮೂರು ಸಲ ಎತ್ತಲಿಲ್ಲ. ಮೂರೂವರೆಗೆ, ನಿದ್ದೆಯಿಂದ ಎದ್ದ ದನಿಯಲ್ಲಿ, ಅವರೇ ಮಾಡಿದರು. ವಿಷಯ ಹೇಳಿದೆ.

"ಮಳೆ ಬಿದ್ದ್ಮೇಲೆ ಉಪ್ಪು ಏರೋದಾ? ಅರವಿಂದಂದಲ್ಲಮ್ಮ. ಅದು ನಮ್ಮ ಭರತೇಶನ ಎಂ.ಫಿಲ್. ಪ್ರಬಂಧ. ನಮ್ಮ ಹುಡುಗ ತಾನೇ ಅಂತ ಚೀಟೀಲಿ ಬರೀ ಶೀರ್ಷಿಕೆ ಬರ್ಕೊಂಡಿದ್ದೆ. ಯಾಕೆ, ನಿನ್ ಯಜಮಾನರು ಹೇಳ್ಲಿಲ್ವಾ?"

"ಸರ್, ಅಚ್ಚಾದ್ಮೇಲೆ ಪಟ್ಟಿ ನೀವು ನೋಡ್ಲಿಲ್ವಾ?"

"ನೀನು ಮಾಡಿದೀಯ ಅಂದ್ಮೇಲೆ ನಾನ್ಯಾಕೆ ನೋಡ್ಲಿ, ಶಾರದಾ?"

ಭರತೇಶ ನನ್ನ ಗಂಡ. ಅರವಿಂದರ ಚೀಟಿಯಲ್ಲಿ ಶೀರ್ಷಿಕೆಯಿಲ್ಲ, ಮುಂದಿನ ಚೀಟಿಯಲ್ಲಿ ಹೆಸರಿಲ್ಲ. ಎರಡನ್ನೂ ಒಂದೇ ಆಕರವೆಂದುಕೊಂಡು ಸೇರಿಸಿದವಳು ನಾನು. ಆಗ ಭರತೇಶರಿಗೂ ನನಗೂ ಬರೀ ಪುಸ್ತಕ ಕೊಟ್ಟು ತೆಗೆದುಕೊಳ್ಳುವಷ್ಟು ಪರಿಚಯ.

ಆ ಸಮೀಕ್ಷೆ ಅಚ್ಚಾದ ಮರುತಿಂಗಳು ಅವರು ಉಪನ್ಯಾಸಕ ಹುದ್ದೆಯ ಸಂದರ್ಶನಕ್ಕೆ ಹೋಗಿದ್ದರು. ನಿಮ್ಮ ಕೆಲಸವನ್ನು ಯಾರಾದರೂ ಎಲ್ಲಾದರೂ ಉಲ್ಲೇಖಿಸಿದ್ದಾರಾ ಎಂದು ಕೇಳಿದರಂತೆ. ಸರ್ ಸಮೀಕ್ಷೆಯಲ್ಲಿ ಇರಬೇಕು ಎಂದರಂತೆ ಇವರು. ಪಟ್ಟಿ ತಿರುವಿ ನೋಡಿದವರೊಬ್ಬರು ನಕ್ಕರಂತೆ. ಮದುವೆಯ ಹೊಸದರಲ್ಲಿ ಇಷ್ಟನ್ನು ಒಂದೇ ಒಂದು ಸಲ ಹೇಳಿದ್ದರು. ಸರ್ ತಮ್ಮನ್ನು ಕೈಬಿಟ್ಟರು ಎಂದೇ ಅವರ ನಂಬಿಕೆ. ಆಮೇಲೆ ಬ್ಯಾಂಕ್ ಪರೀಕ್ಷೆ ಬರೆದರು. ಮನೆಯಲ್ಲಿ ಆ ಪ್ರಬಂಧದ ಮಾತೆತ್ತಿದರೆ ಎದ್ದು ಹೋಗುತ್ತಿದ್ದರು. ಅದರೊಳಗೆ ಏನಿದೆ ಎಂದು ನಾನೂ ಕೇಳಲಿಲ್ಲ.

ನಾಲ್ಕಕ್ಕೆ ಹತ್ತು ನಿಮಿಷ ಇತ್ತು. ಇವರಿಗೆ ಹೇಳದೇ ಇರಬಹುದಿತ್ತು. ಇಡೀ ಮನೆ ತಡಕಾಡಿ ಪ್ರಬಂಧ ಹುಡುಕಿ ಕಳಿಸಿ ಸುಮ್ಮನಾಗಬಹುದಿತ್ತು. ಆ ಯೋಚನೆ ನನಗೆ ಬಂತು, ಬರಲಿಲ್ಲ ಎಂದರೆ ಸುಳ್ಳು. ಬೆಂಜ್ ಸರ್ಕಲ್‌ನಲ್ಲಿರುವ ಅವರ ಬ್ಯಾಂಕ್ ಶಾಖೆಗೆ ಫೋನ್ ಹಚ್ಚಿದೆ.

"ರೀ, ನಿಮ್ಮ ಎಂ.ಫಿಲ್. ಪ್ರಬಂಧ ಎಲ್ಲಿದೆ?"

"ಈಗ ಅದ್ಯಾಕೆ?"

ಹೇಳಿದೆ. ಸಾಹಿತ್ಯಳ ಗಡುವು, ಎರಡು ಚೀಟಿ, ನನ್ನ ಪಟ್ಟಿ, ಎಲ್ಲವನ್ನೂ ಒಂದೇ ಉಸಿರಿಗೆ. ಆ ಕಡೆ ಯಾರೋ ಪಾಸ್‌ಬುಕ್ ವಿಷಯಕ್ಕೆ ತೆಲುಗಿನಲ್ಲಿ ಜಗಳವಾಡುತ್ತಿದ್ದರು.

"ಅಟ್ಟದ ಮೇಲೆ, ನೀಲಿ ಸೂಟ್‌ಕೇಸಲ್ಲಿ," ಎಂದರು ಇವರು ಕೊನೆಗೆ. "ನಲವತ್ತೇಳನೇ ಪುಟ. ಮೊದಲು ಮಗು ಕೆಲಸ ಮುಗಿಸು."

ಸ್ಟೂಲು ಹತ್ತಿ ಸೂಟ್‌ಕೇಸ್ ಇಳಿಸಿದೆ. ಬೀಗ ಹಾಕಿತ್ತು. ಕೀಲಿ ಕೇಳಲು ಮತ್ತೆ ಫೋನ್ ಮಾಡುವ ಧೈರ್ಯ ಬರಲಿಲ್ಲ. ಚಪಾತಿ ಮಗುಚುವ ಸಟ್ಟುಗದಿಂದ ಮೀಟಿ ಬೀಗ ಕಿತ್ತೆ. ಮುಖಪುಟ, ಸಹಿಯಿದ್ದ ಪ್ರಮಾಣಪತ್ರ, ನಲವತ್ತೇಳನೇ ಪುಟ, ಮೂರರ ಫೋಟೋ ತೆಗೆದು ಸಾಹಿತ್ಯಳಿಗೆ ಕಳಿಸಿದೆ. ಅವಳ ಪಟ್ಟಿಯ ಮೂವತ್ತನಾಲ್ಕನೇ ಆಕರದಲ್ಲಿ ಅರವಿಂದರ ಹೆಸರು ಅಳಿಸಿ ಭರತೇಶ ಎಂದು ಬರೆದೆ. ಲೇಖನದೊಳಗೆ ಆ ಹೆಸರು ಬಂದಲ್ಲೆಲ್ಲ ಬದಲಿಸಬೇಕಿತ್ತು, ಪತ್ರಿಕೆಯ ಹೆಸರು ತೆಗೆದು ವಿಶ್ವವಿದ್ಯಾಲಯದ್ದು ಹಾಕಬೇಕಿತ್ತು. ಎಲ್ಲವನ್ನೂ ಸರಿಪಡಿಸುವಷ್ಟರಲ್ಲಿ ಕಣ್ಣು ಮಂಜಾಗಿತ್ತು. ಐದಕ್ಕೆ ನಾಲ್ಕು ನಿಮಿಷ ಇರುವಾಗ ಸಾಹಿತ್ಯ ಕೂಗಿದಳು.

"ಹೋಯ್ತು ಪಿನ್ನಿ! ಸಬ್‌ಮಿಟ್ ಆಯ್ತು! ಇದು ಬಾಬಾಯಿ ಬರೆದಿದ್ದಾ? ಬಾಬಾಯಿ ಗಾರು ಸೈಂಟಿಸ್ಟಾ?"

ನಿನ್ನ ಬೈದದ್ದು ತಪ್ಪು ಕಣೇ ಎಂದಷ್ಟೇ ಹೇಳಿ ಇಟ್ಟೆ.

ಇವರು ಬರುವುದರೊಳಗೆ ಅಂತರ್ಜಾಲದಲ್ಲಿ ಹುಡುಕಿ ಲೆಕ್ಕ ಹಾಕಿದೆ. ನನ್ನ ತಪ್ಪು ಸಾಲನ್ನೇ ನಂಬಿ ಎತ್ತಿಕೊಂಡ ಲೇಖನಗಳು ಹದಿನೇಳು.

ಆರೂವರೆಗೆ ಬಂದರು. ಚಪ್ಪಲಿ ಬಿಟ್ಟು, ಕಾಲು ತೊಳೆದು, ಒಡೆದ ಬೀಗ ನೋಡಿದರು. ಪ್ರಬಂಧ ಮುಟ್ಟಲಿಲ್ಲ. ನಿಮ್ಮ ಶೋಧವನ್ನು ಅರವಿಂದರ ಹೆಸರಲ್ಲಿ ಎತ್ತಿಕೊಂಡ ಲೇಖನಗಳು ಹದಿನೇಳು ಎಂದೆ.

"ಹದಿನೇಳು ಜನ ಉಲ್ಲೇಖಿಸಿದಾರಾ?"

"ಹೂಂ."

"ನಾನು ಸರ್ ಮುಖ ನೋಡಿ ಹನ್ನೆರಡು ವರ್ಷ ಆಯ್ತು ಶಾರದಾ. ಅವರ ಮಗಳ ಮದುವೆಗೂ ಹೋಗ್ಲಿಲ್ಲ. ಕ್ಷಮಿಸು ಅಂತ ಈಗ ಕೇಳಬೇಡ. ನನ್ನ ಕೈಲಾಗಲ್ಲ."

"ಏನು ಮಾಡ್ಲಿ, ಹೇಳಿ."

"ಹದಿನೇಳು ಜನಕ್ಕೂ ಬರಿ. ಪತ್ರಿಕೆಗಳಿಗೂ ಬರಿ. ಸರ್ ತಪ್ಪಲ್ಲ, ನಿನ್ನ ತಪ್ಪು ಅಂತ ಬರಿ. ಕೆಳಗೆ ನಿನ್ನ ಹೆಸರು ಹಾಕು."

ಅವರು ಫೋನ್ ಹಿಡಿದುಕೊಂಡು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡರು. "ಸರ್, ನಾನು ಭರತೇಶ" ಎಂದದ್ದು ಕೇಳಿಸಿತು. ಆಮೇಲೆ ಅಳು. ನಾನು ಕಂಪ್ಯೂಟರಿನ ಮುಂದೆ ಕುಳಿತು ಮೊದಲ ಪತ್ರ ಶುರು ಮಾಡಿದೆ.