ಹನ್ನೊಂದನೆಯ ವಾಕ್ಯ

"ಗುಟೆನ್ ಟಾಗ್. ಇಶ್ ಹೈಸೆ ಸುವರ್ಣಾ. ಫ್ರಾಯ್ಟ್ ಮಿಶ್."

ಮಗುವಿಗೆ ಗಂಜಿ ತಿನ್ನಿಸುತ್ತ ಸುವರ್ಣಾ ಜರ್ಮನ್ ವಾಕ್ಯಗಳನ್ನು ಗುನುಗುತ್ತಿದ್ದಳು. ಆಫೀಸಿಗೆ ಹೊರಟಿದ್ದ ಶ್ರೀವಿದ್ಯಾ ಬಾಗಿಲಲ್ಲೇ ನಿಂತು ನಕ್ಕಳು. ಕಂಪನಿ ಅವಳನ್ನು ಎರಡು ವರ್ಷ ಮ್ಯೂನಿಕ್‌ನಲ್ಲಿ ಇರಿಸಿತ್ತು. "ನಮ್ಮ ಟೀಮಿನ ಹುಡುಗರಿಗಿಂತ ಚೆನ್ನಾಗಿ ಹೇಳ್ತೀಯ ಕಣೆ."

ಭಾಲ್ಕಿಯ ಸುವರ್ಣಾ ಮಣಿಕೊಂಡದಲ್ಲಿದ್ದ ಶ್ರೀವಿದ್ಯಾಳ ಫ್ಲ್ಯಾಟಿಗೆ ಮಗು ನೋಡಿಕೊಳ್ಳಲು ಬಂದು ವರ್ಷವಾಗಿತ್ತು. ಶುಕ್ರವಾರ ಅವಳು ಜರ್ಮನಿಗೆ ಹೋಗುವವಳಿದ್ದಳು. ಅಲ್ಲಿ ವೃದ್ಧರ ಆರೈಕೆಯ ಕೆಲಸ ಎಂದು ಏಜೆಂಟ್ ಚಂದ್ರಕಾಂತ ಹೇಳಿದ್ದ. ನಾರಾಯಣಗೂಡದ ಹಳೆಯ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ಅವನು ಸುವರ್ಣಾಳೂ ಸೇರಿ ಐವರು ಹೆಂಗಸರಿಗೆ, ಹೊಸಬರನ್ನು ಕಂಡಾಗ ಆಡುವ ಹನ್ನೆರಡು ವಾಕ್ಯಗಳನ್ನು ಬಾಯಿಪಾಠ ಮಾಡಿಸುತ್ತಿದ್ದ.

"ಉಳಿದದ್ದೂ ಹೇಳು, ನೋಡೋಣ."

ಸುವರ್ಣಾ ಬೆರಳು ಮಡಚುತ್ತ ಹೇಳಿದಳು. ಹತ್ತನೆಯದಕ್ಕೆ ಶ್ರೀವಿದ್ಯಾಳ ನಗು ಮಾಯವಾಯಿತು. ಹನ್ನೆರಡು ಮುಗಿಯುವಷ್ಟರಲ್ಲಿ ಅವಳು ಚೀಲ ಕೆಳಗಿಟ್ಟಿದ್ದಳು.

"ಕೊನೇ ಮೂರರ ಅರ್ಥ ಏನಂತೆ?"

"ನಿಮ್ಮನ್ನ ನೋಡಿ ಭಾಳ ಖುಷಿ ಆತು, ನಮ್ಮ ಮನೀಗಿ ಬರ್ರಿ ಅಂತ ಹೇಳ್ಯಾರ್ರಿ."

"ಅಲ್ಲ. 'ನಾನು ಬರೀ ಊರು ನೋಡೋಕೆ ಬಂದಿದೀನಿ. ನನ್ನ ಪಾಸ್‌ಪೋರ್ಟ್ ಯಜಮಾನರ ಹತ್ರ ಇದೆ. ನನಗೆ ಯಾರ ಸಹಾಯವೂ ಬೇಡ.' ಇದು ಪರಿಚಯದ ಮಾತಲ್ಲ ಸುವರ್ಣಾ. ಪೊಲೀಸರು ಕೇಳಿದರೆ ಹೇಳಿಸೋ ಮಾತು. ನಿನ್ನ ಪಾಸ್‌ಪೋರ್ಟ್ ಎಲ್ಲಿದೆ?"

"ಸರ್ ಬಲ್ಲಿ ಐತ್ರಿ." ಗಂಜಿಯ ಚಮಚ ಅವಳ ಕೈಯಲ್ಲೇ ನಿಂತಿತ್ತು.

"ಇನ್ನು ಅಲ್ಲಿಗೆ ಹೋಗಬೇಡ."

"ಉಳಿದ ನಾಕು ಮಂದಿ ಅಲ್ಲೇ ಕುಂತಾರಲ್ರಿ."

ಶ್ರೀವಿದ್ಯಾ ರಜೆ ಹಾಕಿದಳು. ಮಧ್ಯಾಹ್ನ ಮಗುವನ್ನು ಮಡಿಲಲ್ಲಿಟ್ಟುಕೊಂಡು ಆ ಕಟ್ಟಡದ ಎದುರು ಕಾರಿನಲ್ಲಿ ಕುಳಿತಳು. ಸುವರ್ಣಾ ಮೆಟ್ಟಿಲು ಹತ್ತುವಾಗಲೇ ಹೆಂಗಸರ ದನಿ ಒಟ್ಟಾಗಿ ಕೇಳುತ್ತಿತ್ತು.

"ಲೇಟ್ ಯಾಕ?" ಎಂದ ಚಂದ್ರಕಾಂತ. "ಹನ್ನೊಂದನೇದು ನೀ ಹೇಳು."

ಸುವರ್ಣಾ ನಿಂತೇ ಹೇಳಿದಳು, ಕನ್ನಡದಲ್ಲಿ. "ನನ್ನ ಪಾಸ್‌ಪೋರ್ಟ್ ಮಾಲಕರ ಬಲ್ಲಿ ಐತಿ." ಹನ್ನೆರಡನೆಯದನ್ನೂ ಹೇಳಿದಳು. ಹೆಂಗಸರೆಲ್ಲ ಚಂದ್ರಕಾಂತನ ಕಡೆ ತಿರುಗಿದರು.

"ಯಾರ್ ಹೇಳ್ಯಾರ ನಿಂಗ?" ಅವನ ದನಿ ಮೊದಲಿಗಿಂತ ಮೆತ್ತಗಿತ್ತು. ಉತ್ತರಕ್ಕೆ ಕಾಯದೆ ಮೊಬೈಲ್ ಹಿಡಿದು ಹೊರಗೆ ಹೋದ. ಹೊರಗಿನಿಂದ ಚಿಲಕ ಬಿತ್ತು.

ಸುವರ್ಣಾ ಕಿಟಕಿಗೆ ಓಡಿದಳು. "ಅಕ್ಕಾರ, ಪೊಲೀಸರನ್ನ ಕರೀರಿ! ಬಾಗಿಲ ಹಾಕ್ಯಾನ!" ಕೆಳಗೆ ಶ್ರೀವಿದ್ಯಾ ಫೋನ್ ಕಿವಿಗಿಟ್ಟು ಕಾರಿನ ಬಾಗಿಲುಗಳನ್ನು ಒಳಗಿನಿಂದ ಭದ್ರಪಡಿಸಿಕೊಳ್ಳುತ್ತಿದ್ದಳು. ಚಂದ್ರಕಾಂತ ಅವಳ ಕಾರಿನ ಮುಂದೆಯೇ ಹಾದು ಓಣಿಯ ತಿರುವಿನಲ್ಲಿ ಮರೆಯಾದ.

ಉಳಿದ ನಾಲ್ವರಲ್ಲಿ ಒಬ್ಬಳಾದ ಹಂಪಮ್ಮ ಚಂದ್ರಕಾಂತನ ಮೇಜಿನ ಬಳಿ ಬಂದಳು. ಹತ್ತು ವರ್ಷ ಕಟ್ಟಡಗಳಲ್ಲಿ ಗಾರೆ ಹೊತ್ತ ಕೈ ಅವಳದು. ಎರಡೇ ಎಳೆತಕ್ಕೆ ಡ್ರಾಯರಿನ ಬೀಗ ಕಿತ್ತು ಬಂತು. ಒಳಗೆ ರಬ್ಬರ್ ಬ್ಯಾಂಡ್ ಹಾಕಿದ ಪಾಸ್‌ಪೋರ್ಟುಗಳಿದ್ದವು. ಸುವರ್ಣಾ ಹೆಸರು ಓದಿ ಒಬ್ಬೊಬ್ಬರಿಗೂ ಕೊಟ್ಟಳು. ಐದು ಮುಗಿದ ಮೇಲೂ ಒಂದು ಉಳಿಯಿತು.

"ಶಾರದಾಬಾಯಿ, ಔರಾದ," ಎಂದು ಓದಿದಳು. "ಯಾರೀಕಿ?"

ಯಾರಿಗೂ ಗೊತ್ತಿರಲಿಲ್ಲ. ಹಿಂದಿನ ವರ್ಷ ದೇಶ ಬಿಟ್ಟ ಮುದ್ರೆ ಅದರಲ್ಲಿತ್ತು. ಮರಳಿದ ಮುದ್ರೆಗಾಗಿ ಸುವರ್ಣಾ ಕೊನೆಯ ಹಾಳೆಯವರೆಗೂ ಹುಡುಕಿದಳು; ಅದು ಇರಲಿಲ್ಲ.

"ಆಕಿ ಬರಲಾರದ ಇದೊಂದ ಹ್ಯಾಂಗ ಬಂತು?" ಎಂದಳು ಹಂಪಮ್ಮ.

ಫೋಟೊದಲ್ಲಿ ಶಾರದಾಬಾಯಿ ಹೊಸ ಓಲೆ ಹಾಕಿಕೊಂಡು, ಬಂದ ನಗುವನ್ನು ತಡೆದುಕೊಂಡು ಕುಳಿತಿದ್ದಳು.